ಬಿಸಿನೀರು ಸಣ್ಣಗೆ ಬರುತ್ತಿದ್ದರೆ: ಗೀಸರ್ ತೊಳೆಯಬೇಕೋ, ಪೈಪ್ ಬದಲಿಸಬೇಕೋ, ಪಂಪ್ ಹಾಕಬೇಕೋ?

ಬಾತ್‌ರೂಮ್ ಒಡೆದು ಹೊಸದು ಮಾಡಿಸುವಾಗ ಬಿಸಿನೀರಿನ ಮಾತೆತ್ತಿದರೆ ಸಾಕು, ‘ಪಂಪ್ ಹಾಕಿಸಿಬಿಡಿ ಸಾರ್’ ಎಂಬ ಸಲಹೆ ಬರುತ್ತದೆ. ಅದಕ್ಕೆ ಮೊದಲು ಬಕೆಟ್ ಇಟ್ಟು ನೋಡಿ. ಒಂದೇ ಮಿಕ್ಸರಿನಲ್ಲಿ (ಬಿಸಿನೀರು, ತಣ್ಣೀರು ಬೆರೆಸುವ ನಲ್ಲಿ) ಬರೀ ತಣ್ಣೀರು ಬಿಟ್ಟರೆ 10 ಲೀಟರ್ ತುಂಬಲು ಎಷ್ಟು ಹೊತ್ತು, ಬರೀ ಬಿಸಿನೀರು ಬಿಟ್ಟರೆ ಎಷ್ಟು? ಎರಡೂ ನಿಧಾನವಾದರೆ ಪ್ರೆಷರ್ ಕಡಿಮೆ. ತಣ್ಣೀರು ಒಂದು ನಿಮಿಷ, ಬಿಸಿನೀರು ಮೂರು ನಿಮಿಷ ಎಂದರೆ ಪ್ರೆಷರ್ ಸರಿಯಾಗಿಯೇ ಇದೆ. ಗೀಸರ್ ಹಾದಿಯಲ್ಲಿ ಎಲ್ಲೋ ಕಟ್ಟಿಕೊಂಡಿದೆ.

ಅಗ್ಗದ ದಾರಿ ಗೀಸರ್ ಬುಡದಲ್ಲೇ ಇದೆ. ಸ್ವಿಚ್ ಆರಿಸಿ, ನೀರು ತಣಿಯಲು ಬಿಟ್ಟು, ಗೀಸರಿಗೆ ನೀರು ಬಿಡುವ ಆ್ಯಂಗಲ್ ಕಾಕ್ ಮುಚ್ಚಿ, ಬಿಸಿನೀರಿನ ಕನೆಕ್ಷನ್ ಪೈಪ್ ಬಿಚ್ಚಿ. ಅದರ ಕೆಳಗೆ ಬಕೆಟ್ ಹಿಡಿದು ಕಾಕ್ ತೆರೆಯಿರಿ. ನೀರು ಧಾರಾಳವಾಗಿ ಬಿದ್ದರೆ ಗೀಸರ್ ಚೆನ್ನಾಗಿದೆ, ತಪ್ಪು ಮುಂದಿನ ಲೈನಿನದು. ಇಲ್ಲೇ ಸಣ್ಣಗಿದ್ದರೆ ಒಳಬರುವ ಕಡೆಯ ಸೇಫ್ಟಿ ವಾಲ್ವ್ ನೋಡಿ. ಸುಣ್ಣ ಕಟ್ಟಿ ಅದರ ಸ್ಪ್ರಿಂಗ್ ಬಿಗಿದಿರುತ್ತದೆ; ಕಾವೇರಿ ನೀರಿನ ಮನೆಗಿಂತ ಬೋರ್ ನೀರಿನ ಮನೆಯಲ್ಲಿ ಇದು ಹೆಚ್ಚು. ಹೊಸದು ಹಾಕಿ, ಆದರೆ ತೆಗೆದೇಬಿಡಬೇಡಿ, ಟ್ಯಾಂಕಿನ ಒತ್ತಡ ಮಿತಿ ಮೀರಿದರೆ ಬಿಡುಗಡೆ ಕೊಡುವುದು ಅದೇ. ಕನೆಕ್ಷನ್ ಪೈಪನ್ನೂ ನಂಬಬೇಡಿ. ನಟ್ ಅರ್ಧ ಇಂಚಿನದಾದರೂ ಒಳಗಿನ ರಬ್ಬರ್ ಕೊಳವೆ ಅದಕ್ಕಿಂತ ಎಷ್ಟೋ ಸಣ್ಣದು, ಬಿಸಿಗೆ ಊದಿಕೊಂಡರೆ ಇನ್ನೂ ಸಣ್ಣದಾಗುತ್ತದೆ. ಮಿಕ್ಸರಿನ ಜಾಲರಿಯಲ್ಲಿ ಬಿಳಿ ಚೂರುಗಳು ಸಿಕ್ಕರೆ ಅವು ಗೀಸರಿನೊಳಗಿನ ಸುಣ್ಣದ ಪೊರೆ.

ಗೋಡೆ ಹೇಗೂ ತೆರೆದಿದ್ದರೆ ನಮ್ಮ ಓಟು ಪೈಪಿಗೆ. ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ಕತ್ತರಿಸಿ ನೋಡಿ: ಹೆಸರಿಗೆ ಮುಕ್ಕಾಲು ಇಂಚು, ಒಳಗೆ ಕಿರುಬೆರಳು ತೂರುವಷ್ಟು ಜಾಗವೂ ಉಳಿದಿರುವುದಿಲ್ಲ. ಅದರ ಬದಲು ಬಿಸಿನೀರು ತಡೆಯುವ ಸಿಪಿವಿಸಿ ಪ್ಲಾಸ್ಟಿಕ್ ಪೈಪ್ ಹಾಕಿಸುವಾಗ ಅರ್ಧ ಇಂಚಿಗೆ ಒಪ್ಪಬೇಡಿ. ಎಸ್‌ಡಿಆರ್ 11 ಎಂಬ ದಪ್ಪದ ದರ್ಜೆಯಲ್ಲಿ ಅರ್ಧ ಇಂಚಿನ ಒಳವ್ಯಾಸ ಸುಮಾರು 12.5 ಮಿ.ಮೀ., ಮುಕ್ಕಾಲು ಇಂಚಿನದು ಸುಮಾರು 18. ಅಷ್ಟೇ ನೀರು ಹರಿದರೆ ಘರ್ಷಣೆಯ ನಷ್ಟ ಹೆಚ್ಚುಕಡಿಮೆ ಆರನೇ ಒಂದು ಪಾಲಿಗೆ ಇಳಿಯುತ್ತದೆ. ಮಿಕ್ಸರಿನ ಕೊನೆಯ ಎಲ್ಬೋವರೆಗೂ ಮುಕ್ಕಾಲೇ ಇರಲಿ. ಬಿಸಿ ಲೈನಿಗೆ ತಣ್ಣೀರಿಗಷ್ಟೇ ಸಲ್ಲುವ ಬಿಳಿ ಯುಪಿವಿಸಿ ಪೈಪ್ ಬೇಡವೇ ಬೇಡ, ಮೆತ್ತಗಾಗಿ ಜೋಡಣೆ ಬಿಡುತ್ತದೆ. ಪೈಪ್ ಜೋಡಿಸುವ ಅಂಟು (ಸಾಲ್ವೆಂಟ್) ಧಾರಾಳವಾಗಿ ಬಳಿದರೆ ಒಳಗೆ ಗಂಟು ಕಟ್ಟಿ ಹೊಸ ಪೈಪಿನಲ್ಲೇ ಅಡ್ಡಿ. ಟೈಲ್ಸ್ ಅಂಟಿಸುವ ಮೊದಲು ತುದಿಗಳಿಗೆ ಎಂಡ್ ಪ್ಲಗ್ ಹಾಕಿ ಪ್ರೆಷರ್ ಟೆಸ್ಟ್ ಮಾಡಿಸಲೇಬೇಕು.

ಪಂಪ್ ಗೆಲ್ಲುವುದು ಮೇಲಿನ ಮಹಡಿಯಲ್ಲಿ. ಟ್ಯಾಂಕಿನ ನೀರಿನ ಮಟ್ಟ ಶವರಿಗಿಂತ 3 ಮೀಟರ್ ಮೇಲಿದ್ದರೆ ಸಿಗುವುದು ಚದರ ಸೆಂ.ಮೀ.ಗೆ 0.3 ಕೆಜಿ ಪ್ರೆಷರ್ ಮಾತ್ರ. ಸ್ಟ್ಯಾಂಡ್ 4 ಅಡಿ ಎತ್ತರಿಸಿದರೆ ಸೇರುವುದು ಬರೀ 0.12 ಕೆಜಿ, ಅಷ್ಟಕ್ಕೆ ತಾರಸಿಯ ಮೇಲೆ ಭಾರ ಏರಿಸುವುದು ಲಾಭದ ಕೆಲಸವಲ್ಲ. ಆದರೆ ಕಟ್ಟಿಕೊಂಡ ಲೈನಿಗೆ ಪಂಪ್ ಮದ್ದಲ್ಲ: ಹರಿವು ತೀರಾ ಕಡಿಮೆಯಾದರೆ, ನೀರು ಹರಿದಾಗ ಮೋಟರ್ ಚಾಲೂ ಮಾಡುವ ಅದರ ಫ್ಲೋ ಸ್ವಿಚ್ ಆನ್ ಆಗುವುದೇ ಇಲ್ಲ, ಮೋಟರ್ ಸುಮ್ಮನೆ ಕೂತಿರುತ್ತದೆ.

ಇನ್ನೊಂದು ತಪ್ಪು ಇದಕ್ಕಿಂತ ದುಬಾರಿ. ಪಂಪನ್ನು ತಣ್ಣೀರಿನ ಲೈನಿಗೆ ಮಾತ್ರ ಕೊಟ್ಟರೆ ಮಿಕ್ಸರಿನಲ್ಲಿ ತಣ್ಣೀರು ಬಿಸಿನೀರನ್ನು ಹಿಂದಕ್ಕೆ ತಳ್ಳುತ್ತದೆ. ಮೊದಲು ಸಣ್ಣಗೆ ಬರುತ್ತಿದ್ದ ಬಿಸಿನೀರು ಈಗ ನಿಂತೇಹೋಗುತ್ತದೆ. ಟ್ಯಾಂಕಿನಿಂದ ಇಳಿಯುವ ಪೈಪಿನಲ್ಲಿ, ಬಿಸಿ-ತಣ್ಣನೆ ಲೈನುಗಳು ಕವಲೊಡೆಯುವ ಮುಂಚೆಯೇ ಪಂಪ್ ಇರಬೇಕು. ತಾರಸಿಯ ಸಾಮಾನ್ಯ ಸೋಲಾರ್ ಟ್ಯಾಂಕ್ ಒತ್ತಡ ತಡೆಯುವಂಥದ್ದಲ್ಲ, ಅದರೊಳಕ್ಕೆ ಪಂಪ್ ಮಾಡಬೇಡಿ. ಅಲ್ಲಿ ಸೋಲಾರಿನಿಂದ ಇಳಿಯುವ ಲೈನಿಗೇ, ಬಿಸಿನೀರಿಗೆಂದೇ ತಯಾರಾದ ಇನ್ನೊಂದು ಪಂಪ್ ಬೇಕಾಗುತ್ತದೆ.

ಈಗ ಪಂಪ್ ಬೇಡವೆನ್ನಿಸಿದರೂ ಆ ಜಾಗದಲ್ಲಿ ಎರಡು ಬಾಲ್ ವಾಲ್ವ್, ಬೈಪಾಸ್ (ಪಂಪನ್ನು ಬಳಸಿ ಹೋಗದೆ ನೀರು ಸಾಗುವ ಪಕ್ಕದ ಪೈಪ್) ಮತ್ತು ಒಂದು ಕರೆಂಟ್ ಪಾಯಿಂಟ್ ಬಿಟ್ಟಿಡಿ.