ಲ್ಯಾಟೆಕ್ಸ್ ಹಾಸಿಗೆಗೆ ಯಾವ ಮಂಚ? ಪ್ಲೈ, ಕಬ್ಬಿಣ, ರೀಪರ್ – ಮಲಗಿ ನೋಡಿದ ಮೇಲೆ

ಲ್ಯಾಟೆಕ್ಸ್ ಹಾಸಿಗೆ ಕೊಳ್ಳುವಾಗ ಎಲ್ಲರೂ ಹಾಸಿಗೆಯ ಬಗ್ಗೆಯೇ ವಿಚಾರಿಸುತ್ತಾರೆ. ಎಷ್ಟು ಇಂಚು ದಪ್ಪ, ಮೆತ್ತಗಿದೆಯಾ ಗಟ್ಟಿ ಇದೆಯಾ, ಲ್ಯಾಟೆಕ್ಸ್ ತಯಾರಿಸುವ ಎರಡು ವಿಧಾನಗಳಲ್ಲಿ ಡನ್‌ಲಪ್‌ನದ್ದಾ ಟಾಲಲೇನಾ. ಅದರ ಕೆಳಗೆ ಏನಿರಬೇಕು ಅಂತ ಕೇಳುವವರು ಕಡಿಮೆ. ನನ್ನ ಪ್ರಕಾರ ಬೆನ್ನಿಗೆ ಸಿಗುವ ಸುಖ, ಹಾಸಿಗೆಯ ಬಾಳಿಕೆ ಎರಡರಲ್ಲೂ ಮಂಚದ ಪಾಲು ಬಹಳ ದೊಡ್ಡದು. ನಮ್ಮ ಮನೆಯ 78 ಇಂಚು ಉದ್ದ, 60 ಇಂಚು ಅಗಲ, 6 ಇಂಚು ದಪ್ಪದ ಹಾಸಿಗೆಯನ್ನು ಬೇರೆ ಬೇರೆ ಮಂಚಗಳ ಮೇಲೆ ಹಾಕಿ ಮಲಗಿದ್ದೇನೆ. ಹಾಸಿಗೆ ಅದೇ, ಮಲಗುವವರೂ ಅವರೇ. ಆದರೂ ಬೆಳಿಗ್ಗೆ ಏಳುವಾಗ ಸೊಂಟ ಹೇಳುವ ಕಥೆ ಒಂದೊಂದು ಮಂಚಕ್ಕೂ ಬೇರೆ.

ಕಾರಣ ಸರಳ. ಕಾಯರ್ ಹಾಸಿಗೆ ತಾನೇ ಬಿಗಿಯಾಗಿರುತ್ತದೆ. ಮಾಮೂಲಿ ಸ್ಪ್ರಿಂಗ್ ಹಾಸಿಗೆಯ ಒಳಗೆ ತಂತಿಯ ಕಟ್ಟು ಇರುತ್ತದೆ. ಲ್ಯಾಟೆಕ್ಸ್‌ಗೆ ಈ ಎರಡೂ ಇಲ್ಲ. ಅದು ಪೂರ್ತಿ ರಬ್ಬರ್. ಕೆಳಗೆ ತಗ್ಗಿದ್ದರೆ ತಗ್ಗಿಗೆ ಇಳಿಯುತ್ತದೆ, ಸಂದು ಇದ್ದರೆ ಸಂದಿಗೆ ನುಗ್ಗುತ್ತದೆ. ಜೊತೆಗೆ ತೂಕವೂ ಜಾಸ್ತಿ. ನಮ್ಮ ಅಳತೆಯದು ಸುಮಾರು 35 ಕೆಜಿ ಬರುತ್ತದೆ. ಅದರ ಮೇಲೆ ಇಬ್ಬರು ಮಲಗಿದರೆ ಮಂಚದ ಮೇಲೆ ಎಷ್ಟು ಭಾರ ಅಂತ ಲೆಕ್ಕ ಹಾಕಿ.

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಹೆಚ್ಚು ಕಾಣುವುದು ಸ್ಟೋರೇಜ್ ಮಂಚ. ಕೆಳಗೆ ಡಬ್ಬ, ಮೇಲೆ ಪ್ಲೈವುಡ್ ಹಲಗೆ. ಆಧಾರದ ವಿಷಯದಲ್ಲಿ ಇದಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಹಲಗೆ ಸಪಾಟಾಗಿರುವುದರಿಂದ ಹಾಸಿಗೆ ಎಲ್ಲೂ ಇಳಿಯುವುದಿಲ್ಲ. ತೊಂದರೆ ಇರುವುದು ಗಾಳಿಯದ್ದು. ಮಳೆಗಾಲದ ಒಂದು ಬೆಳಿಗ್ಗೆ ಹಾಸಿಗೆಯ ಅಂಚು ಎತ್ತಿ ಪ್ಲೈ ಮೇಲೆ ಕೈಯಾಡಿಸಿದೆ. ಅಂಚಿನಲ್ಲಿ ಒಣಗಿತ್ತು. ಒಳಗೆ, ಸರಿಯಾಗಿ ನಾವು ಮಲಗುವ ಜಾಗದ ಕೆಳಗೆ, ಸೊಂಟದ ನೇರಕ್ಕೆ ತಣ್ಣಗೆ ತೇವ ಹತ್ತಿತು. ಹಾಸಿಗೆಯ ಹತ್ತಿ ಕವರಿನ ತಳದಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆಗಳು. ಬೂಷ್ಟು ಶುರುವಾಗಿತ್ತು.

ಮೈಯ ಬಿಸಿ, ಬೆವರಿನ ಹಬೆ ರಾತ್ರಿಯೆಲ್ಲಾ ಕೆಳಗೂ ಇಳಿಯುತ್ತದೆ. ಲ್ಯಾಟೆಕ್ಸ್‌ನಲ್ಲಿ ಉದ್ದಕ್ಕೂ ಸಣ್ಣ ತೂತುಗಳಿರುತ್ತವೆ, ಅದರಲ್ಲಿ ಗಾಳಿ ಆಡಬೇಕು. ಆದರೆ ತಳ ಮುಚ್ಚಿದ್ದರೆ ಹಬೆ ತಣ್ಣನೆಯ ಪ್ಲೈಗೆ ತಾಗಿ ಅಲ್ಲೇ ನೀರಾಗುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ನಮ್ಮೂರಿನಲ್ಲಿ ಹೊರಗಿನ ಗಾಳಿಯೇ ತೇವ. ಒಣಗಲು ಅದಕ್ಕೆ ದಾರಿಯೇ ಇರುವುದಿಲ್ಲ. ಹಾಸಿಗೆಯನ್ನು ಮಹಡಿ ಮೇಲೆ ಬಿಸಿಲಿಗೆ ಹಾಕೋಣ ಅಂದರೆ ಅದೂ ಆಗದು. ನೇರ ಬಿಸಿಲಿಗೆ ಲ್ಯಾಟೆಕ್ಸ್ ಹಾಳಾಗುತ್ತದೆ, ಪುಡಿಪುಡಿಯಾಗಿ ಉದುರುತ್ತದೆ. ನೆರಳಲ್ಲಿ, ಫ್ಯಾನ್ ಕೆಳಗೆ ನಿಲ್ಲಿಸಿಯೇ ಒಣಗಿಸಬೇಕು.

ಹಾಗಂತ ಸ್ಟೋರೇಜ್ ಮಂಚ ಇರುವವರು ಅದನ್ನು ಮಾರಬೇಕಿಲ್ಲ. ಪ್ಲೈಗೆ ಆರು ಇಂಚಿಗೊಂದರಂತೆ ಒಂದು ಇಂಚಿನ ತೂತು ಕೊರೆಸಿ. ಇಷ್ಟನ್ನು ತುಂಬಾ ಜನ ಮಾಡಿಸುತ್ತಾರೆ. ಆದರೆ ಡಬ್ಬದ ಪಕ್ಕದ ಹಲಗೆಗೂ ತೂತು ಬೇಕು ಅನ್ನುವುದನ್ನು ಬಿಟ್ಟುಬಿಡುತ್ತಾರೆ. ಪಕ್ಕ ಮುಚ್ಚಿದ್ದರೆ ಮೇಲಿನ ತೂತು ಮುಚ್ಚಿದ ಪೆಟ್ಟಿಗೆಗೆ ತೆರೆದುಕೊಂಡ ಹಾಗಾಗುತ್ತದೆ, ಅಲ್ವಾ? ಆಮೇಲೆ ಒಳಗಿಟ್ಟ ಕಂಬಳಿ, ರೇಷ್ಮೆ ಸೀರೆಗಳಿಗೂ ಮುಗ್ಗಲು ವಾಸನೆ ಬರುತ್ತದೆ. ಹೊಸದಾಗಿ ಮಾಡಿಸುವವರು ಐಎಸ್ 303ರ (ಮಾಮೂಲಿ ಪ್ಲೈಗಿರುವ ಭಾರತೀಯ ಮಾನದಂಡ) ಪ್ಲೈಯಲ್ಲೇ ಕುದಿನೀರನ್ನೂ ತಾಳುವ ಬಿಡಬ್ಲ್ಯೂಆರ್ ದರ್ಜೆಯದನ್ನು ಕೇಳಿ, ಬರೀ ತೇವ ತಡೆಯುವ ಎಂಆರ್ ಬೇಡ. ಐಎಸ್ 710ರ ಮರೀನ್ ಪ್ಲೈವರೆಗೆ ಹೋಗುವ ಅಗತ್ಯ ಮಂಚಕ್ಕೆ ನನಗೆ ಕಾಣುವುದಿಲ್ಲ. ಹಾಸಿಗೆ ಸಮೇತ ಹಲಗೆಯನ್ನು ಮೇಲೆತ್ತುವ ಹೈಡ್ರಾಲಿಕ್ ಇದ್ದರೆ ಇನ್ನೊಂದು ಮಾತು: ಎತ್ತುವ ಆ ಗ್ಯಾಸ್ ರಾಡ್‌ಗಳನ್ನು ಇಂತಿಷ್ಟು ತೂಕ ಅಂತ ಲೆಕ್ಕ ಹಾಕಿ ಕೂರಿಸಿರುತ್ತಾರೆ. ಹಗುರ ಫೋಮ್ ಹಾಸಿಗೆಗೆ ಕೂರಿಸಿದ್ದು ಲ್ಯಾಟೆಕ್ಸ್ ಎತ್ತಲಾರದು. ನಮ್ಮದು ಅರ್ಧಕ್ಕೆ ಬಂದು ಕೆಳಗಿಳಿಯುತ್ತಿತ್ತು. ವಯಸ್ಸಾದವರು ಇರುವ ಮನೆಯಲ್ಲಿ ಅದು ಅಪಾಯ.

ಕಬ್ಬಿಣದ ಮಂಚದಲ್ಲಿ ಗಾಳಿಗೆ ಕೊರತೆ ಇಲ್ಲ. ಆದರೆ ಪೈಪುಗಳ ನಡುವೆ ಆರೇಳು ಇಂಚು ಸಂದು. ಹಾಗೇ ಹಾಕಿದರೆ ಪೈಪು ಬೆನ್ನಿಗೆ ಸಿಗುತ್ತದೆ. ಮೇಲೆ 6 ಎಂಎಂ ಪ್ಲೈ ಹಾಕಿ ನೋಡಿದೆ, ಅದೂ ಪೈಪಿನ ನಡುವೆ ಬಾಗಿತು. 12 ಎಂಎಂ ಹಾಕಿದ ಮೇಲೆ ಸರಿಯಾಯಿತು. ಬೋಲ್ಟುಗಳಿಗೆ ರಬ್ಬರ್ ವಾಷರ್ ಹಾಕದಿದ್ದರೆ ಮಗ್ಗುಲು ಬದಲಿಸಿದಾಗಲೆಲ್ಲ ಕಿರ್ ಕಿರ್ ಅನ್ನುತ್ತದೆ.

ಮೇಲಕ್ಕೆ ಬಾಗಿದ ತೆಳು ಪಟ್ಟಿಗಳ ರೆಡಿಮೇಡ್ ಮಂಚದ ಮೇಲೆ ನನಗೆ ತುಂಬಾ ಆಸೆ ಇತ್ತು. ಯುರೋಪಿನಲ್ಲಿ ಲ್ಯಾಟೆಕ್ಸ್‌ಗೆ ಇದನ್ನೇ ಬಳಸುವವರು ಬಹಳ. ಅಲ್ಲಿಯ ಒಳ್ಳೆಯ ಮಂಚಗಳಲ್ಲಿ ಪಟ್ಟಿಗಳು ಒತ್ತೊತ್ತಾಗಿರುತ್ತವೆ. ನಮಗೆ ಸಿಕ್ಕಿದ್ದರಲ್ಲಿ ನಾಲ್ಕು ಇಂಚು ಸಂದು. ಹಾಸಿಗೆಯೂ ಮಣಿಯುತ್ತದೆ, ಪಟ್ಟಿಯೂ ಮಣಿಯುತ್ತದೆ. ಭಾರ ಹೆಚ್ಚಿರುವ ಸೊಂಟವೇ ಮೊದಲು ಕೆಳಗಿಳಿಯುತ್ತದೆ. ಅಮ್ಮ ಒಂದು ರಾತ್ರಿ ಮಲಗಿ, "ಬೇಡ ಕಣೇ, ಏಳೋಕೇ ಆಗ್ತಿಲ್ಲ" ಅಂದರು. ನವಾರದ ಮಂಚವೂ ಇದೇ ಕಾರಣಕ್ಕೆ ಲ್ಯಾಟೆಕ್ಸ್‌ಗೆ ಹೊಂದುವುದಿಲ್ಲ. ನೆಲದ ಮೇಲೆ ಹಾಸುವುದಂತೂ ಟೈಲ್ಸ್ ಮನೆಯಲ್ಲಿ ಬೇಡವೇ ಬೇಡ. ಪ್ಲೈಗಿಂತ ಬೇಗ ತೇವ ಹಿಡಿಯುತ್ತದೆ.

ನನ್ನ ಮನಸ್ಸು ಗೆದ್ದಿದ್ದು ಮರದ ರೀಪರ್, ಅಂದರೆ ಅಡ್ಡಲಾಗಿ ಜೋಡಿಸಿದ ಮರದ ಪಟ್ಟಿಗಳ ಮಂಚ. ಅಗಲ ಕಮ್ಮಿ, ದಪ್ಪ ಚೆನ್ನಾಗಿರುವ, ಬಾಗದ ರೀಪರ್. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಕಡೆ ಹೋದರೆ ಬೇಕಾದ ಅಳತೆಗೆ ಕುಯ್ದು ಕೊಡುತ್ತಾರೆ. ತೇಗ ಆದರೆ ಬಲು ಚೆನ್ನ, ಬೆಲೆಯೂ ಹಾಗೇ. ನಾವು ಆರಿಸಿದ್ದು ಸಿಲ್ವರ್ ಓಕ್. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಮರ. ಚೆನ್ನಾಗಿ ಒಣಗಿದ್ದನ್ನೇ ನೋಡಿ ತರಬೇಕು, ಹುಳುವಿನ ಔಷಧಿ ಹಚ್ಚಿಸಲೇಬೇಕು.

"ಅಕ್ಕಾ, ಹತ್ತು ರೀಪರ್ ಸಾಕು, ಎಲ್ಲರಿಗೂ ಅಷ್ಟೇ ಹಾಕೋದು" ಅಂದರು ನಮ್ಮ ಕಾರ್ಪೆಂಟರ್.

"ಇಲ್ಲ ಅಣ್ಣ, ಹದಿನಾರು ಹಾಕಿ. ಎರಡು ಇಂಚಿಗಿಂತ ಜಾಸ್ತಿ ಸಂದು ಬಿಡಬೇಡಿ."

ಲೆಕ್ಕ ಹೀಗೆ. ಮೂರು ಇಂಚಿನ 16 ರೀಪರ್ ಅಂದರೆ 48 ಇಂಚು. ನಡುವೆ ಎರಡು ಇಂಚಿನ 15 ಸಂದು, 30 ಇಂಚು. ಒಟ್ಟು 78, ಸರಿಯಾಗಿ ಮಂಚದ ಉದ್ದ. ಹತ್ತೇ ರೀಪರ್ ಹಾಕಿದರೆ ಸಂದು ಐದು ಇಂಚು ದಾಟುತ್ತದೆ. ವ್ಯತ್ಯಾಸ ಕಾಣಬೇಕಾದರೆ ಮಂಚದ ಕೆಳಗೆ ಟಾರ್ಚ್ ಹಿಡಿದು ಮಲಗಿ, ಮೇಲೆ ಯಾರಾದರೂ ಕೂರಲಿ. ಅಗಲ ಸಂದಿನಲ್ಲಿ ಹಾಸಿಗೆ ಉಬ್ಬಿ ಕೆಳಗೆ ಬರುವುದು ಬೆರಳಿಗೇ ಸಿಗುತ್ತದೆ. ಎರಡು ಇಂಚಿನ ಸಂದಿನಲ್ಲಿ ಉಬ್ಬು ಹತ್ತುವುದೇ ಕಷ್ಟ. ಅಗಲ ಸಂದಿನ ಉಬ್ಬು ವರ್ಷಗಟ್ಟಲೆ ಹಾಗೇ ಉಳಿದರೆ ಹಾಸಿಗೆ ಅಲೆ ಅಲೆಯಾಗುತ್ತದೆ. ಹಲವು ಕಂಪನಿಗಳ ವಾರಂಟಿಯಲ್ಲಿ ಮಂಚದ ಬಗ್ಗೆ ಷರತ್ತು ಇರುವುದೂ ಅದಕ್ಕೇ. ಕಾಗದ ಓದಿಯೇ ಮಂಚ ಮಾಡಿಸಿ.

ರೀಪರ್‌ನಷ್ಟೇ ಮುಖ್ಯ ನಡುವಿನ ತೊಲೆ, ಅದಕ್ಕೊಂದು ಕಾಲು. 60 ಇಂಚು ಉದ್ದದ ರೀಪರ್‌ಗೆ ಮಧ್ಯೆ ಆಧಾರ ಕೊಟ್ಟರೆ ಅದು 30 ಇಂಚಿನ ಎರಡು ತುಂಡಿನಂತೆ ಕೆಲಸ ಮಾಡುತ್ತದೆ. ಅಂತರ ಅರ್ಧವಾದರೆ ಅದೇ ಭಾರಕ್ಕೆ ಮರ ಬಾಗುವುದು ಸುಮಾರು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಮಂಚ ಇಳಿದಿದೆಯಾ ಅಂತ ನೋಡಲು ಒಂದು ನೂಲು ಸಾಕು. ಒಂದು ಮಗ್ಗುಲಿನ ಚೌಕಟ್ಟಿನಿಂದ ಇನ್ನೊಂದಕ್ಕೆ ಅಡ್ಡಲಾಗಿ ಬಿಗಿದು ಕಟ್ಟಿ, ಮಧ್ಯದ ರೀಪರ್‌ಗೂ ನೂಲಿಗೂ ಎಷ್ಟು ಅಂತರ ಅಂತ ಸ್ಕೇಲ್ ಹಿಡಿಯಿರಿ. ಖಾಲಿ ಮಂಚಕ್ಕೊಮ್ಮೆ, ಯಾರನ್ನಾದರೂ ಕೂರಿಸಿ ಒಮ್ಮೆ. ರೀಪರ್ ಅಂಚನ್ನು ಉಜ್ಜಿ ಗುಂಡಗೆ ಮಾಡಿಸಿ, ಇಲ್ಲದಿದ್ದರೆ ಕವರ್ ಹರಿಯುತ್ತದೆ. ಮೊಳೆ ಬೇಡ, ಸ್ಕ್ರೂ ಹಾಕಿಸಿ.

ಈಗ ಅಮ್ಮನ ಕೋಣೆಯಲ್ಲಿರುವುದೂ ಇದೇ ಮಂಚ. ಕೆಳಗೆ ಸಾಮಾನು ಇಡಲು ಜಾಗವಿಲ್ಲ ಅನ್ನುವುದು ನಿಜವಾದ ಕೊರತೆ, ಚಿಕ್ಕ ಮನೆಯವರಿಗೆ ಅದು ಸಣ್ಣ ಮಾತಲ್ಲ. ಅಂಥವರು ತೂತು ಕೊರೆದ ಪ್ಲೈ ಇರುವ ಸ್ಟೋರೇಜ್ ಮಂಚವನ್ನೇ ಧೈರ್ಯವಾಗಿ ಇಟ್ಟುಕೊಳ್ಳಬಹುದು.

ಬಾಡಿಗೆ ಮನೆಯಲ್ಲಿದ್ದು ಆಗಾಗ ಮನೆ ಬದಲಿಸುವವರಿಗೆ ಕಬ್ಬಿಣದ ಮಂಚ, ಮೇಲೆ ತೂತು ಕೊರೆದ 12 ಎಂಎಂ ಪ್ಲೈ ಸಾಕು. ಈ ಅಳತೆಗೆ 8 ಅಡಿ, 4 ಅಡಿಯ ಒಂದು ಶೀಟ್ ಸಾಲದು, ಎರಡು ತರಬೇಕು. ಅಂಗಡಿಯಲ್ಲೇ 78 ಇಂಚು ಉದ್ದ, 30 ಇಂಚು ಅಗಲದ ಎರಡು ಹಲಗೆ ಕುಯ್ಯಿಸಿ. ಹೀಗೆ ಮಾಡಿದರೆ ಮೆಟ್ಟಿಲಲ್ಲೂ ಸಲೀಸಾಗಿ ಹತ್ತಿಸಬಹುದು, ಎರಡು ಹಲಗೆ ಸೇರುವ ಜಾಗ ಯಾರ ಸೊಂಟದ ಕೆಳಗೂ ಬರದೆ ಇಬ್ಬರ ನಡುವೆ ಬರುತ್ತದೆ.