ಸೋಲುವ ತಂಡದ ಅಗ್ಗದ ಸೀಸನ್ ಟಿಕೆಟ್: ಒಂದು ಋತುವಿನ ಲೆಕ್ಕ

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ತಂಡವೊಂದು ಅಂಗಣದಲ್ಲಿ ಸೋತಷ್ಟೂ ಅದರ ಟಿಕೆಟ್ ವಿಭಾಗದ ಜಾಹೀರಾತುಗಳಲ್ಲಿ ಉತ್ಸಾಹ ಹೆಚ್ಚುತ್ತದೆ. ಅಂಥದೊಂದು ಜಾಹೀರಾತನ್ನು ನಂಬಿ ನಾನು ಮೇಲಂತಸ್ತಿನ ಎರಡು ಆಸನಗಳನ್ನು ಇಡೀ ಋತುವಿಗೆ ಕೊಂಡಿದ್ದೆ. ತಂಡದ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಕೊನೆಯ ಸ್ಥಾನಗಳಲ್ಲಿರುವ ತಂಡಗಳು ಮುಂದಿಡುವ ಕೊಡುಗೆಗಳಲ್ಲಿ ಬಣ್ಣ ಬೇರೆಯಾದರೂ ಒಳಗಿನ ಲೆಕ್ಕ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಹೆಸರಿನ ಅಗತ್ಯವೂ ಇಲ್ಲ.

ಕೊಡುಗೆ ಹೀಗಿತ್ತು: ಒಂದು ಪಂದ್ಯದ ಸರಾಸರಿ ದರ ಬಿಡಿ ಟಿಕೆಟಿನ ಮುದ್ರಿತ ಬೆಲೆಯ ಅರ್ಧಕ್ಕಿಂತ ಕಡಿಮೆ, ಹಣವನ್ನು ತಿಂಗಳ ಕಂತುಗಳಲ್ಲಿ ಕಟ್ಟುವ ಅನುಕೂಲ, ತಂಡದ ಅಂಗಡಿಯಲ್ಲಿ ಮತ್ತು ತಿಂಡಿಯ ಮಳಿಗೆಗಳಲ್ಲಿ ರಿಯಾಯಿತಿ, ಮುಂದಿನ ವರ್ಷಕ್ಕೂ ಇದೇ ದರದ ಭರವಸೆ, ಜೊತೆಗೆ, ಋತುವಿನ ಕೊನೆಗೆ ಮೇಲಿನ ಸ್ಥಾನಗಳ ತಂಡಗಳಷ್ಟೇ ಆಡುವ ಪ್ಲೇ-ಆಫ್ ಪಂದ್ಯಗಳ ಟಿಕೆಟುಗಳ ಮೇಲೆ ಮೊದಲ ಹಕ್ಕು. ಈ ಕೊನೆಯ ಸಾಲನ್ನು ಬರೆದವರಿಗೂ ಬರೆಯುವಾಗ ನಗು ಬಂದಿರಬೇಕು.

ಒಂದು ತಂಡ ಋತುವಿನಲ್ಲಿ ಆಡುವ 82 ಪಂದ್ಯಗಳಲ್ಲಿ ಅರ್ಧದಷ್ಟು, ಅಂದರೆ 41, ತವರಿನ ಅಂಗಣದಲ್ಲಿ ನಡೆಯುತ್ತವೆ. ನನ್ನ ಟಿಕೆಟುಗಳ ಕಟ್ಟಿನಲ್ಲಿ ಇವುಗಳ ಜೊತೆಗೆ ಋತುಪೂರ್ವದ ಅಭ್ಯಾಸ ಪಂದ್ಯಗಳೂ ಅದೇ ದರದಲ್ಲಿ ಸೇರಿದ್ದವು. ಮುಖ್ಯ ಆಟಗಾರರು ಅರ್ಧ ಆಟಕ್ಕೇ ಬೆಂಚಿಗೆ ಮರಳುವ ಈ ಪಂದ್ಯಗಳನ್ನು ಲೆಕ್ಕದಿಂದ ತೆಗೆದರೆ ಸರಾಸರಿ ದರ ಅಲ್ಲಿಯೇ ಸ್ವಲ್ಪ ಏರುತ್ತದೆ. ಇನ್ನು ಉಳಿದ 41ರಲ್ಲಿ ನಿಜವಾಗಿ ನೋಡಬೇಕೆನಿಸುವ ಪಂದ್ಯಗಳು ಎಷ್ಟು ಎಂಬುದು ವೇಳಾಪಟ್ಟಿಯನ್ನು ಅವಲಂಬಿಸಿದೆ. ಲೀಗಿನ ಎರಡು ಗುಂಪುಗಳಲ್ಲಿ ನಮ್ಮದಲ್ಲದ, ಅಂದರೆ ಎದುರು ಕಾನ್ಫರೆನ್ಸಿನ, 15 ತಂಡಗಳೂ ವರ್ಷಕ್ಕೆ ಒಂದೇ ಬಾರಿ ನಮ್ಮ ಅಂಗಣಕ್ಕೆ ಬರುತ್ತವೆ. ಆ ಒಂದು ರಾತ್ರಿ ಅವರ ತಾರೆ ಆಡದಿದ್ದರೆ ಮುಂದಿನ ವರ್ಷದವರೆಗೆ ಕಾಯದೆ ಬೇರೆ ದಾರಿಯಿಲ್ಲ. ತಾರೆಯರಿಗೆ ಮನಬಂದಂತೆ ವಿಶ್ರಾಂತಿ ಕೊಡುವುದನ್ನು ತಡೆಯಲು 2023-24ರ ಋತುವಿನಿಂದ ಲೀಗ್ ನಿಯಮ ಬಿಗಿಗೊಳಿಸಿತಾದರೂ ಗಾಯಕ್ಕೆ ನಿಯಮವಿಲ್ಲ. ನಾನು ಅಕ್ಟೋಬರಿನಿಂದಲೇ ದಿನಾಂಕ ಗುರುತು ಹಾಕಿಕೊಂಡು ಕಾದಿದ್ದ ಆಟಗಾರ ಆ ದಿನ ಕೋಟು ತೊಟ್ಟು ಬೆಂಚಿನ ತುದಿಯಲ್ಲಿ ಕುಳಿತಿದ್ದರು.

ಆದರೆ ನನಗೆ ಹೆಚ್ಚು ನಷ್ಟವಾದದ್ದು ಇಲ್ಲಲ್ಲ, ಮರುಮಾರಾಟದಲ್ಲಿ. ಬರಲಾಗದ ಪಂದ್ಯಗಳ ಟಿಕೆಟುಗಳನ್ನು ಮಾರಿ ಅರ್ಧ ಹಣ ಹಿಂಪಡೆಯಬಹುದು ಎಂದು ಟಿಕೆಟ್ ಪ್ರತಿನಿಧಿ ಫೋನಿನಲ್ಲಿ ಬಹಳ ವಿಶ್ವಾಸದಿಂದ ಹೇಳಿದ್ದರು. ಗೆಲ್ಲುವ ತಂಡದ ವಿಷಯದಲ್ಲಿ ಅದು ನಿಜವಿರಬಹುದು. ಸೋಲುವ ತಂಡದಲ್ಲಿ ಮಾತ್ರ, ವಾರದ ನಡುವಿನ ಒಂದು ಮಳೆಯ ಸಂಜೆ ಮನೆಯಲ್ಲೇ ಉಳಿಯೋಣ ಎಂದು ನನಗೆ ಅನಿಸಿದ ಹೊತ್ತಿಗೇ ಸಾವಿರಾರು ಮಂದಿಗೆ ಹಾಗೆಯೇ ಅನಿಸಿರುತ್ತದೆ, ಎಲ್ಲರೂ ಒಟ್ಟಿಗೇ ಮಾರಲು ನಿಲ್ಲುತ್ತಾರೆ. ಡಿಸೆಂಬರಿನಲ್ಲಿ ಒಂದು ಸಂಜೆ, ಪಂದ್ಯಕ್ಕೆ ಅರ್ಧ ಗಂಟೆ ಇರುವಾಗ, ಕುತೂಹಲಕ್ಕೆ ನೋಡಿದೆ: ನನ್ನ ಆಸನಕ್ಕಿಂತ ಒಂದಂತಸ್ತು ಕೆಳಗಿನ, ಅಂಗಣಕ್ಕೆ ಹತ್ತಿರದ ಸಾಲುಗಳು ನಾನು ಕೊಟ್ಟ ಸರಾಸರಿ ದರಕ್ಕಿಂತ ಕಡಿಮೆಗೆ ಬಿಕರಿಗಿದ್ದವು. ಅರ್ಧ ಬೆಲೆ ಎಂದು ಹೇಳುವಾಗ ಯಾವ ಬೆಲೆಯ ಅರ್ಧ ಎಂದು ನಾನು ಕೇಳಿಯೇ ಇರಲಿಲ್ಲ. ಮುದ್ರಿತ ಬೆಲೆಯನ್ನು ತಂಡ ತಾನೇ ನಿಗದಿಪಡಿಸುತ್ತದೆ, ಆ ಬೆಲೆಗೆ ಕೊಳ್ಳುವವರು ಆ ವರ್ಷ ಇರಲೇ ಇಲ್ಲ. ನಾನು ಮಾರಲು ಸಾಧ್ಯವಾದ ಕೆಲವೇ ಟಿಕೆಟುಗಳ ಹಣದಲ್ಲೂ ಮಾರಾಟದ ಶುಲ್ಕ ಕಡಿತವಾಗಿತ್ತು.

ಈ ವಿಷಯದಲ್ಲಿ ನ್ಯೂಜೆರ್ಸಿ ನೆಟ್ಸ್ ತಂಡ 2009ರಲ್ಲಿ ತಂದ ಕೊಡುಗೆ ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ. 10 ಪಂದ್ಯಗಳ ಕಟ್ಟನ್ನು ಕೊಂಡವರಿಗೆ ಅವರು ಒಳಹೊರಗು ಮಾಡಿ ತೊಡಬಹುದಾದ ಜರ್ಸಿಗಳನ್ನು ಕೊಟ್ಟರು; ಒಂದು ಬದಿಯಲ್ಲಿ ತಮ್ಮ ಆಟಗಾರ, ಇನ್ನೊಂದು ಬದಿಯಲ್ಲಿ ಎದುರಾಳಿ ತಂಡದ ತಾರೆ. ಆ ಋತುವನ್ನು ಅವರು ಸತತ 18 ಸೋಲುಗಳಿಂದ ಆರಂಭಿಸಿ 12 ಗೆಲುವು, 70 ಸೋಲುಗಳಲ್ಲಿ ಮುಗಿಸಿದರು. ಹಲವರು ಅಂದು ಅದನ್ನು ಗೇಲಿ ಮಾಡಿದರು, ಆದರೆ ಪ್ರೇಕ್ಷಕರು ಯಾರನ್ನು ನೋಡಲು ಬರುತ್ತಾರೆ ಎಂಬುದನ್ನು ಮುಚ್ಚಿಡದೆ, ಆ ಹತ್ತು ರಾತ್ರಿಗಳನ್ನಷ್ಟೇ ಮಾರಿದ್ದರಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ಸಂತೋಷಗಳೇ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಅರೆಖಾಲಿ ಅಂಗಣದಲ್ಲಿ ಶೂಗಳ ಕಿರುಗುಟ್ಟುವಿಕೆ ಮೇಲಂತಸ್ತಿನವರೆಗೂ ಕೇಳುತ್ತದೆ. ನವೆಂಬರಿನಲ್ಲಿ ಪಾಸು ಕೊಡಲು ತಡವರಿಸುತ್ತಿದ್ದ ಹತ್ತೊಂಬತ್ತರ ಹುಡುಗನೊಬ್ಬ ಮಾರ್ಚಿನ ಹೊತ್ತಿಗೆ ಎರಡನೆಯ ಯೋಚನೆಯಿಲ್ಲದೆ ಚೆಂಡನ್ನು ಎದುರು ಮೂಲೆಗೆ ದಾಟಿಸುವುದನ್ನು ನೋಡಿದೆ. ಆಗೊಮ್ಮೆ ಈಗೊಮ್ಮೆ ಬಿಡಿ ಟಿಕೆಟಿನಲ್ಲಿ ಬಂದುಹೋಗುವವರಿಗೆ ಆ ಬೆಳವಣಿಗೆ ಕಾಣುವುದಿಲ್ಲ. ಅಕ್ಕಪಕ್ಕದ ಆಸನದವರ ಪರಿಚಯವೂ ಆಯಿತು. ಗೆಲುವಿಗಿಂತ ಉಚಿತ ಟಿ-ಶರ್ಟು ಎಸೆಯುವ ಗಳಿಗೆಗೆ ಕಾಯುತ್ತಿದ್ದವರು ನಾವು.

ಫೆಬ್ರವರಿಯಲ್ಲಿ ನವೀಕರಣದ ಪತ್ರ ಬಂತು. ನಿಗದಿತ ದಿನದೊಳಗೆ ಬೇಡವೆಂದು ಲಿಖಿತವಾಗಿ ತಿಳಿಸದಿದ್ದರೆ ಟಿಕೆಟ್ ತಾನಾಗಿಯೇ ಮುಂದುವರಿಯುತ್ತದೆ ಎಂಬ ಕರಾರು ಅದರ ಕೊನೆಯ ಪುಟದಲ್ಲಿತ್ತು. ಕೊಳ್ಳುವವರು ಇದನ್ನು ಮೊದಲ ದಿನವೇ ಹುಡುಕಿ ಓದಬೇಕು. ಕೆಳಗಿನ ಸ್ಥಾನಗಳ ತಂಡಗಳ ನಡುವೆ ಹೊಸ ಆಟಗಾರರ ಆಯ್ಕೆಗೆ ಸರದಿ ನಿರ್ಧರಿಸುವ ಡ್ರಾಫ್ಟ್ ಲಾಟರಿ ನಡೆಯುವುದು ಮೇ ತಿಂಗಳಿನಲ್ಲಿ. ತಂಡಕ್ಕೆ ಅದೃಷ್ಟ ಒಲಿಯಿತೋ ಇಲ್ಲವೋ ಎಂದು ತಿಳಿಯುವ ಮೊದಲೇ ನಮ್ಮಿಂದ ಹಣ ಕಟ್ಟಿಸಿಕೊಳ್ಳುವುದು ಆಕಸ್ಮಿಕವೆಂದು ನನಗೆ ಅನಿಸುವುದಿಲ್ಲ. ಲಾಟರಿಯನ್ನು ನೆಚ್ಚುವುದೂ ಕಷ್ಟ. 2023-24ರಲ್ಲಿ ಸತತ 28 ಪಂದ್ಯಗಳನ್ನು ಸೋತು, 14 ಗೆಲುವುಗಳೊಂದಿಗೆ ಲೀಗಿನ ತಳ ಮುಟ್ಟಿದ ಡೆಟ್ರಾಯ್ಟ್ ಪಿಸ್ಟನ್ಸ್ ತಂಡಕ್ಕೆ ಮೊದಲ ಆಯ್ಕೆ ಸಿಗುವ ಸಾಧ್ಯತೆ ಶೇ 14 ಮಾತ್ರ ಇತ್ತು, ಸಿಕ್ಕಿದ್ದು ಐದನೆಯದು. ಆದರೂ ಮರುವರ್ಷ ಅದೇ ತಂಡ 44 ಪಂದ್ಯಗಳನ್ನು ಗೆದ್ದು ಪ್ಲೇ-ಆಫ್ ತಲುಪಿತು. ಆ ಸೋಲಿನ ವರ್ಷದಲ್ಲಿ ಆಸನ ಬಿಟ್ಟುಕೊಡದವರಿಗೆ, ನಾನು ನಕ್ಕ ಆ ಮೊದಲ ಹಕ್ಕಿನ ಸಾಲು ಕೆಲಸಕ್ಕೆ ಬಂದಿರಬೇಕು.

ಆ ಉದಾಹರಣೆ ನನ್ನನ್ನು ಎರಡು ವಾರ ಕಾಡಿತು. ಕೊನೆಗೆ ಪೂರ್ಣ ಟಿಕೆಟನ್ನು ಬಿಟ್ಟು, ಪಂದ್ಯಗಳನ್ನು ನಾನೇ ಆರಿಸಿಕೊಳ್ಳಬಹುದಾದ 10 ಪಂದ್ಯಗಳ ಕಟ್ಟನ್ನು ಕೇಳಿದೆ. ಅದರಲ್ಲಿ ಪಂದ್ಯದ ದರ ಸ್ವಲ್ಪ ಹೆಚ್ಚು, ದರದ ಭರವಸೆಯಿಲ್ಲ, ಅಕ್ಕಪಕ್ಕದವರೂ ಬದಲಾಗುತ್ತಾರೆ. ಪ್ರತಿನಿಧಿ ಒಂದು ದಿನ ಬಿಟ್ಟು ಮತ್ತೆ ಫೋನು ಮಾಡಿ, ಪೂರ್ಣ ಟಿಕೆಟಿನ ದರವನ್ನು ಇನ್ನಷ್ಟು ಇಳಿಸುವುದಾಗಿ ಹೇಳಿದರು.