ಆರು ಬೇಸಿಗೆ ಕಂಡ ಹಾಡಿನ ಪೆಟ್ಟಿಗೆ

2020ರ ಫೆಬ್ರುವರಿಯಲ್ಲಿ ಅಮ್ಮನಿಗಾಗಿ ಹಳೆಯ ಕನ್ನಡ ಹಾಡುಗಳನ್ನು ಮೊದಲೇ ತುಂಬಿಸಿಟ್ಟ ಪುಟ್ಟ ಪೆಟ್ಟಿಗೆಯೊಂದನ್ನು ಕೊಂಡೆ. ಎರಡೂವರೆ ಸಾವಿರ ರೂಪಾಯಿಯ ಆಸುಪಾಸು. ಇಟ್ಟಿಗೆಗಿಂತ ತುಸು ಚಿಕ್ಕದು. ಮುಂದೆ ಜಾಲರಿ, ನೆತ್ತಿಯ ಮೇಲೆ ಐದು ಗುಂಡಿ, ಬಲಗಡೆ ದನಿ ಏರಿಸಿ ಇಳಿಸುವ ತಿರುಪು. ಇಂಟರ್ನೆಟ್ ಬೇಡ, ಮೊಬೈಲ್ ಬೇಡ. ಕೊಂಡ ವಾರದಲ್ಲೇ ಬರೆದ ವಿಮರ್ಶೆಗಳನ್ನು ನಂಬಿ ನಾನು ಕೊಂಡಿದ್ದೆ. ಬ್ಯಾಟರಿ ನಾಲ್ಕನೇ ವರ್ಷಕ್ಕೆ ಏನಾಗುತ್ತದೆ ಎಂಬುದು ಅವುಗಳಲ್ಲಿ ಇರಲು ಸಾಧ್ಯವಿರಲಿಲ್ಲ. ಆರು ಬೇಸಿಗೆ ಬಳಸಿದ ಮೇಲೆ ಈಗ ಬರೆಯುತ್ತಿದ್ದೇನೆ.

ಬೇಸಿಗೆಯ ಲೆಕ್ಕವನ್ನೇ ಹಿಡಿಯಲು ಕಾರಣವಿದೆ. ರಾಯಚೂರಿನಲ್ಲಿ ಯುಗಾದಿ ದಾಟಿತೆಂದರೆ ಮಧ್ಯಾಹ್ನದ ಬಿಸಿಲು ನಲವತ್ತು ಡಿಗ್ರಿಗೂ ಮೇಲೆ ಹೋಗುತ್ತದೆ. ಬದುಕೆಲ್ಲ ಬೆಳಗಿನ ಎರಡು ತಾಸು ಮತ್ತು ರಾತ್ರಿಯ ಮಾಳಿಗೆಗೆ ಸೇರಿಬಿಡುತ್ತದೆ. ಬೆಳಗಿನ ಐದೂವರೆಗೆ ಅಮ್ಮ ಸಂಡಿಗೆ ಹಿಟ್ಟಿನ ಪಾತ್ರೆ ಹೊತ್ತು ಮಾಳಿಗೆ ಹತ್ತಿದರೆ ಪೆಟ್ಟಿಗೆಯೂ ಜೊತೆಗೆ ಹತ್ತುತ್ತದೆ. ಕೈತುಂಬ ಹಿಟ್ಟಿರುವಾಗ ಮೊಬೈಲಿನ ಗಾಜು ಒರೆಸುತ್ತ ಹಾಡು ಹುಡುಕುವವರು ಯಾರು? ಇಲ್ಲಿ ಮೊಣಕೈಯಿಂದ ಒಂದು ಗುಂಡಿ ಒತ್ತಿದರೆ ಆಯಿತು, ಒಂದಾದ ಮೇಲೊಂದು ತಾನಾಗಿ ಬರುತ್ತದೆ. ಎರಡನೇ ಗುಂಡಿಯ ಅಂಚಿನಲ್ಲಿ ಒಣಗಿದ ಅಕ್ಕಿಹಿಟ್ಟಿನ ಬಿಳಿ ಗೆರೆಯೊಂದು ಇಂದಿಗೂ ಇದೆ. ಎಷ್ಟು ಒರೆಸಿದರೂ ಹೋಗಿಲ್ಲ.

ಆ ಎರಡನೆಯದು ರಾಜ್‌ಕುಮಾರ್ ಗುಂಡಿ. ಇದರ ಹಾಡುಗಳನ್ನು ನಾಯಕನಟನ ಹೆಸರಿನಲ್ಲಿ ವಿಂಗಡಿಸಿರುವುದರಿಂದ ಅದರೊಳಗೆ ಎರಡು ಕಂಠಗಳಿವೆ. 1974ರ ‘ಸಂಪತ್ತಿಗೆ ಸವಾಲ್’ಗೆ ಹಿಂದಿನದಾದರೆ ಬಹುಮಟ್ಟಿಗೆ ಪಿ.ಬಿ. ಶ್ರೀನಿವಾಸ್, ಅನಂತರದ್ದಾದರೆ ರಾಜ್‌ಕುಮಾರ್ ಅವರೇ. ಹಾಡು ಶುರುವಾದ ಕ್ಷಣಕ್ಕೇ ಅದು ಯಾವ ಕಾಲದ್ದೆಂದು ಅಮ್ಮ ಹೇಳಿಬಿಡುತ್ತಾರೆ. ನನಗೆ ಸೆಕೆಗಾಲಕ್ಕೆ ಹೊಂದುವುದು ಮೊದಲಿನದೇ. ಶ್ರೀನಿವಾಸ್ ಅವರು ದನಿಯನ್ನು ಎತ್ತಿ ಎಸೆಯುವುದಿಲ್ಲ; ಮಂದ್ರದಲ್ಲಿ, ಪಕ್ಕದಲ್ಲಿ ಕುಳಿತು ಮಾತನಾಡಿದಂತೆ ಹಾಡುತ್ತಾರೆ. ರಾತ್ರಿ ಕರೆಂಟು ಹೋಗಿ ಅಕ್ಕಪಕ್ಕದ ಕೂಲರುಗಳೆಲ್ಲ ಒಮ್ಮೆಲೇ ನಿಂತಾಗ ತಿರುಪನ್ನು ಕಾಲುಭಾಗಕ್ಕೆ ಇಳಿಸಿದರೂ ಪ್ರತಿ ಅಕ್ಷರ ಕೇಳಿಸುತ್ತದೆ. ಹಿಂದೆ ಒಂದು ಕೊಳಲು, ಒಂದಿಷ್ಟು ಪಿಟೀಲು, ತಬಲಾ. ವಾದ್ಯಗಳ ನಡುವೆ ಗಾಳಿಯಾಡಲು ಜಾಗವಿರುವ ಹಾಡುಗಳು ಅವು. ಮೂರೂವರೆ ನಿಮಿಷದೊಳಗೆ ಮುಗಿದೂ ಹೋಗುತ್ತವೆ. ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುವಷ್ಟೇ ಹಾಡುವ ರೂಢಿಯ ಕಾಲವದು.

ಧ್ವನಿಯ ಗುಣಮಟ್ಟದ ಬಗ್ಗೆ ಅನೇಕರು ಕೇಳುತ್ತಾರೆ. ಒಳಗಿರುವುದು ಒಂದೇ ಸ್ಪೀಕರ್. ಅರವತ್ತು, ಎಪ್ಪತ್ತರ ದಶಕದಲ್ಲಿ ಮದ್ರಾಸಿನ ಸ್ಟುಡಿಯೋಗಳಲ್ಲಿ ಮುದ್ರಣಗೊಂಡ ಈ ಹಾಡುಗಳು ಹೆಚ್ಚಾಗಿ ಮೋನೋ, ಅಂದರೆ ಒಂದೇ ಸ್ಪೀಕರಿಗೆ ಹೇಳಿ ಮಾಡಿಸಿದವು. ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಹಾಡುಗಳಲ್ಲಿ ಗಿಟಾರ್ ತಂತಿಯ ಮಿಡಿತ ಕೂಡ ಸ್ಪಷ್ಟವಾಗಿ ಬರುತ್ತದೆ (ಅವರ ಬಳಿ ಸಹಾಯಕರಾಗಿ ದುಡಿದವರಲ್ಲಿ ಇಳಯರಾಜ ಕೂಡ ಒಬ್ಬರು, ಆ ಸಂಗತಿ ತಿಳಿದ ಮೇಲೆ ನಾನು ಗಿಟಾರನ್ನು ಇನ್ನಷ್ಟು ಕಿವಿಗೊಟ್ಟು ಕೇಳುತ್ತೇನೆ). ಎಂಬತ್ತರ ದಶಕದ ಹಾಡುಗಳಿಗೆ ಬಂದಾಗ ಪೆಟ್ಟಿಗೆ ಸೋಲುತ್ತದೆ. ಡ್ರಮ್ಮಿನ ಪೆಟ್ಟು ಒಡೆದು ಕೇಳಿಸುತ್ತದೆ, ಮೇಲಿನ ಸ್ಥಾಯಿಗೆ ಹೋದ ಎಸ್. ಜಾನಕಿಯವರ ಕಂಠ ಜಾಲರಿಯನ್ನೇ ನಡುಗಿಸುತ್ತದೆ. ಅವನ್ನು ಬೇರೆ ಸ್ಪೀಕರಿನಲ್ಲಿ ಕೇಳುವುದೇ ಒಳ್ಳೆಯದು.

ಹಾಡುಗಳ ಆಯ್ಕೆಯಲ್ಲಿ ಸಂಗೀತ ನಿರ್ದೇಶಕ ರಾಜನ್–ನಾಗೇಂದ್ರ ಸೋದರರಿಗೆ ಸಿಕ್ಕಿರುವ ಪಾಲು ನನಗೆ ತೃಪ್ತಿ ತಂದಿದೆ. ಎಸ್.ಪಿ. ಬಾಲಸುಬ್ರಹ್ಮಣ್ಯಂ 1967ರಿಂದಲೇ ಕನ್ನಡದಲ್ಲಿ ಹಾಡಿದವರು, ಅವರಿಗೊಂದು ಪ್ರತ್ಯೇಕ ಗುಂಡಿಯಿದೆ. ಕೊಂಡ ವರ್ಷವೇ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡಾಗ ಅಮ್ಮ ಇಡೀ ದಿನ ಆ ಗುಂಡಿಯನ್ನು ಬದಲಿಸಲಿಲ್ಲ. ಆದರೆ ಭಾವಗೀತೆಗಳು ಒಂದೂ ಇಲ್ಲ. ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್, ಶಿವಮೊಗ್ಗ ಸುಬ್ಬಣ್ಣ ಇಲ್ಲದೆ ಹಳೆಯ ಕನ್ನಡ ಹಾಡುಗಳ ಸಂಗ್ರಹ ಎನ್ನುವುದು ಹೇಗೆ? ಅವರನ್ನು ನಾನೇ ಪೆನ್‌ಡ್ರೈವಿಗೆ ತುಂಬಿಸಿ ಹಿಂಬದಿಯ ಕಿಂಡಿಗೆ ಸಿಕ್ಕಿಸಿದ್ದೇನೆ. ಎಫ್‌ಎಂ ಇದೆ, ಆದರೆ ಮೀಡಿಯಂ ವೇವ್ ಇಲ್ಲ. ಆಕಾಶವಾಣಿಯ ಧಾರವಾಡ, ಕಲಬುರಗಿ ಕೇಂದ್ರಗಳನ್ನು ಆ ತರಂಗದಲ್ಲೇ ಕೇಳಿ ಬೆಳೆದ ಅಮ್ಮನಿಗೆ ಇದೊಂದು ಕೊರತೆಯಾಗಿಯೇ ಉಳಿದಿದೆ.

ಇನ್ನು ಬ್ಯಾಟರಿ. ಐದು ತಾಸು ಎಂದು ಡಬ್ಬಿಯ ಮೇಲೆ ಬರೆದಿತ್ತು, ಮೊದಲ ಎರಡು ವರ್ಷ ನಾಲ್ಕೂವರೆ ತಾಸು ಬಂತು. ತಪ್ಪಾದದ್ದು ಮೂರನೇ ಬೇಸಿಗೆಯಲ್ಲಿ. ಸಂಡಿಗೆಯ ಹಾಳೆ ಗಾಳಿಗೆ ಹಾರದಿರಲೆಂದು ಅದರ ಮೂಲೆಗೆ ಪೆಟ್ಟಿಗೆಯನ್ನೇ ಇಟ್ಟು ಕೆಳಗಿಳಿದವರು ಮರೆತೆವು. ಹನ್ನೆರಡರ ಹೊತ್ತಿಗೆ ಹೋಗಿ ಮುಟ್ಟಿದರೆ ಕಾವಲಿಯಂತೆ ಸುಡುತ್ತಿತ್ತು. ಹಾಡು ನಿಂತಿರಲಿಲ್ಲ. ಆದರೆ ಲಿಥಿಯಂ ಬ್ಯಾಟರಿಗೆ ಅಂಥ ಕಾವು ತಡೆಯುವುದಿಲ್ಲ. ಮರುವರ್ಷ ಒಂದು ತಾಸಿಗೇ ಉಸಿರು ಕಟ್ಟತೊಡಗಿತು, ಬೆನ್ನಿನ ಮುಚ್ಚಳ ಒಂದು ಕಡೆ ಮೇಲೆದ್ದಿತು. ಬಿಚ್ಚಿ ನೋಡಿದಾಗ ಒಳಗಿನ ಬ್ಯಾಟರಿ ಪೂರಿಯಂತೆ ಉಬ್ಬಿತ್ತು. ಹಾಗೆ ಉಬ್ಬಿದ್ದನ್ನು ಚಾರ್ಜ್ ಮಾಡಲೇಬೇಡಿ, ಚುಚ್ಚಲಂತೂ ಬೇಡಿ.

ಸೇವಾಕೇಂದ್ರದವರು ಈ ಮಾದರಿಯ ಬ್ಯಾಟರಿ ಬರುವುದಿಲ್ಲ, ಹೊಸ ಪೆಟ್ಟಿಗೆಯನ್ನೇ ಕೊಳ್ಳಿ ಎಂದರು. ಆ ಮಾತಿಗೆ ನನಗೆ ಇಂದಿಗೂ ಸಿಟ್ಟಿದೆ. ಹಾಡುಗಳು ಹಾಳಾಗಿಲ್ಲ, ಸ್ಪೀಕರ್ ಹಾಳಾಗಿಲ್ಲ, ಅಂಗೈಯಗಲದ ಒಂದು ಬ್ಯಾಟರಿಗಾಗಿ ಎಲ್ಲವನ್ನೂ ಎಸೆಯಬೇಕೇ? ಪೇಟೆಯಲ್ಲಿ ಮೊಬೈಲ್ ರಿಪೇರಿ ಮಾಡುವ ಹುಡುಗನೊಬ್ಬ ಅಷ್ಟೇ ವೋಲ್ಟೇಜಿನ ಬೇರೊಂದು ಬ್ಯಾಟರಿಯನ್ನು ಬೆಸುಗೆ ಹಾಕಿ ಕೊಟ್ಟ. ನಾನೂರು ರೂಪಾಯಿ. ಮತ್ತೆ ನಾಲ್ಕು ತಾಸು ಹಾಡುತ್ತಿದೆ. ಈಗ ನೆರಳಿನಲ್ಲಿ, ಮಣ್ಣಿನ ಕೊಡದ ಪಕ್ಕ ಅದರ ಜಾಗ. ಕೊಳ್ಳುವವರು ಕೈಯಿಂದಲೇ ತೆಗೆದು ಹಾಕಬಹುದಾದ ಬ್ಯಾಟರಿಯ ಮಾದರಿಯನ್ನೇ ಆರಿಸಿ, ನೂರಿನ್ನೂರು ಹೆಚ್ಚಾದರೂ ಪರವಾಗಿಲ್ಲ.

ರಿಪೇರಿಗೆ ಕೊಟ್ಟ ಆ ಎರಡು ವಾರ ಮಾಳಿಗೆಯ ಮೇಲೆ ಮೌನವಿರಲಿಲ್ಲ. ಅಮ್ಮ ಸಂಡಿಗೆ ಇಡುತ್ತ ತಾವೇ ಗುನುಗುತ್ತಿದ್ದರು, ಅದೂ ಪೆಟ್ಟಿಗೆಯ ಕ್ರಮದಲ್ಲೇ. ಒಂದು ಹಾಡಿನ ಕೊನೆಯ ಸಾಲು ಮುಗಿಯುತ್ತಲೇ ಮುಂದಿನದರ ಆರಂಭದ ಕೊಳಲನ್ನು ಮೂಗಿನಲ್ಲಿ ನುಡಿಸಿ ಪಲ್ಲವಿ ಎತ್ತಿಕೊಳ್ಳುತ್ತಿದ್ದರು.

ಒಂದು ದೂರು ಉಳಿದಿದೆ. ಜೊತೆಗೆ ಬಂದ ಹಾಡುಪಟ್ಟಿಯ ಪುಸ್ತಿಕೆಯಲ್ಲಿ ಚಿತ್ರದ ಹೆಸರಿದೆ, ಗಾಯಕರ ಹೆಸರಿದೆ. ಸಾಹಿತ್ಯ ಬರೆದವರದಿಲ್ಲ, ಸಂಗೀತ ನಿರ್ದೇಶಕರದಿಲ್ಲ. ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್, ವಿಜಯಭಾಸ್ಕರ್ ಅವರಂಥವರ ಹೆಸರಿಗೆ ಒಂದು ಅಂಗುಲ ಜಾಗ ಸಿಗಲಿಲ್ಲವೆಂದರೆ ನೋವಾಗುತ್ತದೆ. ಪ್ರತಿ ಹಾಡಿನ ಮುಂದೆ ಪೆನ್ಸಿಲಿನಲ್ಲಿ ನಾನೇ ತುಂಬುತ್ತ ಬಂದಿದ್ದೇನೆ. ಇನ್ನೂ ಮೂವತ್ತೊಂದು ಸಾಲು ಖಾಲಿ ಇವೆ. ಅಮ್ಮನಿಗೆ ನೆನಪಿರುವಷ್ಟನ್ನು ಈ ಬೇಸಿಗೆ ಕಳೆಯುವುದರೊಳಗೆ ಕೇಳಿ ಬರೆದುಕೊಳ್ಳಬೇಕು.